ಮರಗಸಿಗೆ ಸಿಕ್ಕ ಚಿತ್ರ

ಜಾವಳಿ
19 ನವೆಂಬರ್ 2023

ಸಂಸೆಯ ಅಂಗಳದಲ್ಲಿ ನೆರೆದಿರುವ ಮಹಾಜನರೇ,

ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿರುವ ಅಕ್ಕಂದಿರೇ, ಸುಲಿದದ್ದನ್ನು ಬುಟ್ಟಿಗೆ ತುಂಬುತ್ತಿರುವ ಅಣ್ಣಂದಿರೇ, ಈ ಕಾಗದವನ್ನು ಗಟ್ಟಿಯಾಗಿ ಓದುತ್ತಿರುವ ಮನೆಯೊಡತಿ ಸತ್ಯವತಿಯವರೇ, ಇವರೆಲ್ಲರ ನಡುವೆ ಕುಳಿತು ಒಂದಕ್ಷರವೂ ಕೇಳಿಸದೆ ಎಲ್ಲದಕ್ಕೂ ತಲೆಯಾಡಿಸುತ್ತಿರುವ ನನ್ನ ಗೆಳೆಯ ಶಂಭುವೇ, ಕೈ ಕೆಲಸ ನಿಲ್ಲಿಸಬೇಡಿ, ಕಿವಿ ಇತ್ತ ಕೊಡಿ. ಶಂಭುವಿಗೆ ಕಿವಿ ಇಲ್ಲವಾದ್ದರಿಂದ ಕಾಗದವನ್ನೇ ಆಮೇಲೆ ಅವನ ಕೈಗೆ ಕೊಡಿ. ಫೋನಿನಲ್ಲಿ ನಾನು ‘ಹೇಗಿದ್ದೀಯ’ ಎಂದರೆ ಅವನು ‘ಐವತ್ತು ಚೀಲ’ ಎನ್ನುತ್ತಾನೆ. ಜಾವಳಿಯ ಈ ಹಳ್ಳದಲ್ಲಿ ಫೋನಿಗೆ ಸಿಗ್ನಲ್ಲೂ ಇಲ್ಲ. ಆದಕಾರಣ ಕಳಸದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಓಲೆ.

ನಾನು ಯಾರೆಂದು ಹೊಸಬರು ಕೇಳಬಹುದು. ನಾನು ಮಲ್ಲಿಕಾರ್ಜುನಪ್ಪ. ಮೂಡಿಗೆರೆಯ ಹಾಸ್ಟೆಲಿನ ನಾಟಕಗಳಲ್ಲಿ ನಿಮ್ಮ ಧಣಿ ಶಂಭು ಮಂತ್ರಿಯಾದರೆ ನಾನು ರಾಜ. ಮಂತ್ರಿ ಮಾತು ಮರೆತರೆ ಅವನ ಮಾತನ್ನೂ ನಾನೇ ಹೇಳುತ್ತಿದ್ದೆ. ಆಮೇಲೆ ಕಿರೀಟ ಕಳಚಿಟ್ಟು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ ಸೇರಿ, ಅಲ್ಲಿಯ ಬಣ್ಣ ವಿಂಗಡಿಸುವ ಯಂತ್ರದ ಎಂಜಿನಿಯರನಾಗಿ ತಲೆ ನೆರೆಸಿಕೊಂಡೆ. ಆ ಯಂತ್ರದಲ್ಲಿ ಕಾಫಿಬೀಜ ಒಂದೊಂದಾಗಿ ಕ್ಯಾಮೆರಾದ ಮುಂದೆ ಬೀಳುತ್ತದೆ. ಬಣ್ಣ ಸರಿಯಿದ್ದರೆ ಮುಂದೆ. ಸರಿಯಿಲ್ಲದಿದ್ದರೆ ಗಾಳಿಯ ಒಂದೇ ಪೆಟ್ಟು, ಪಕ್ಕದ ಗುಂಡಿಗೆ. ಯಾವ ಕಪ್ಪು ಕೆಟ್ಟದ್ದು, ಯಾವ ಕಂದು ಒಳ್ಳೆಯದು ಎಂದು ಅದಕ್ಕೆ ಕಲಿಸಿದವನು ನಾನು. ನಿವೃತ್ತನಾದ ಮೇಲೆ, ಬಣ್ಣದ ವಿಷಯ ನನಗಿಂತ ಬಲ್ಲವರು ಜಿಲ್ಲೆಯಲ್ಲೇ ಇಲ್ಲ ಎಂಬ ಧೈರ್ಯದಿಂದ ಕುಂಚ ಹಿಡಿದೆ.

ಚಿಕ್ಕಮಗಳೂರಿನಲ್ಲಿ ಪ್ರಸಾದ್ ಎಂಬ ಚಿತ್ರದ ಮೇಷ್ಟ್ರಿದ್ದಾರೆ. ವಯಸ್ಸಿನಲ್ಲಿ ನನ್ನ ಮಗನಂತೆ. ಭಾನುವಾರದ ತರಗತಿಯಲ್ಲಿ ಮಕ್ಕಳ ನಡುವೆ ನನ್ನನ್ನೂ ಕೂರಿಸಿಕೊಂಡರು. ನಾನು ಬಿಡಿಸಿದ ಸಿಲ್ವರ್ ಓಕ್ ಮರವನ್ನು ಬಹಳ ಹೊತ್ತು ನೋಡಿ ಹೇಳಿದರು: “ಸಾರ್, ಬೇಜಾರು ಮಾಡ್ಕೋಬೇಡಿ. ಇದು ಚಿತ್ರ ಅಲ್ಲ, ಪ್ಲಾನು. ಇದನ್ನ ಕಂಟ್ರಾಕ್ಟರ್ ಕೈಗೆ ಕೊಟ್ರೆ ಮರ ಕಟ್ಟಿ ಕೊಡ್ತಾನೆ.” ಮಕ್ಕಳು ನಕ್ಕವು. ಮೇಷ್ಟ್ರು ನಗಲಿಲ್ಲ. ಗೆರೆಯಿಲ್ಲದ ಒಂದೇ ಒಂದು ಚಿತ್ರ ಮಾಡಿ ತನ್ನಿ, ಎಲ್ಲಿ ಎಲೆ ಮುಗಿದು ಎಲ್ಲಿ ಗಾಳಿ ಶುರುವಾಯಿತು ಎಂದು ನಿಮಗೇ ಗೊತ್ತಾಗಬಾರದು, ಮೇ ತಿಂಗಳೊಳಗೆ ತಂದರೆ ನಮ್ಮ ಬಳಗದ ಪ್ರದರ್ಶನದಲ್ಲಿ ತೂಗುಹಾಕುತ್ತೇನೆ, ಇಲ್ಲದಿದ್ದರೆ ಸುಮ್ಮನೆ ಹವ್ಯಾಸಕ್ಕೆ ಬರುತ್ತಾ ಇರಿ ಎಂದರು.

ಹವ್ಯಾಸ. ಮಹಾಜನರೇ, ಆ ಮಾತು ನನ್ನ ನಿದ್ದೆ ಕೆಡಿಸಿತು. ನನ್ನ ಹೆಂಡತಿ ಕಲ್ಲಮ್ಮ, ಆ ಚಿತ್ರ ಮುಗಿಯುವ ತನಕ ಎಲ್ಲಾದರೂ ಹೋಗಿ ಇರಿ, ಮನೆಯ ತುಂಬ ಟರ್ಪೆಂಟೈನ್ ವಾಸನೆ ಎಂದಳು. ಶಂಭು ತನ್ನ ಜಾವಳಿ ತೋಟದಲ್ಲಿ ಲೆಕ್ಕ ಬರೆಯುವ ರೈಟರನಿಗೆಂದು ಕಟ್ಟಿಸಿ ಖಾಲಿ ಬಿದ್ದಿದ್ದ ಕ್ವಾರ್ಟರ್ಸಿನ ಕೀಲಿ ಕೊಟ್ಟ. ಇಲ್ಲಿ ಕೆಳಗಿನ ಮೂಲೆಯಲ್ಲಿ ಅತ್ತಿ, ಬಸರಿ, ಹಾಲುವಾಣ ಒಂದರ ತೋಳಿನೊಳಗೆ ಒಂದು ತೋಳು ತೂರಿಸಿ ನಿಂತಿವೆ. ಹಗಲಿನಲ್ಲೂ ಕತ್ತಲೆ. ಅಲ್ಲಿ ಯಾವುದಕ್ಕೂ ಅಂಚಿಲ್ಲ. ನನಗೆ ಬೇಕಾದದ್ದು ಅದೇ. ನಾಳೆಯಿಂದ ಅಲ್ಲಿ ಸ್ಟೂಲು ಹಾಕುತ್ತೇನೆ.

ಇತಿ ನಿಮ್ಮ ವಿಧೇಯ
ಮಲ್ಲಿಕಾರ್ಜುನಪ್ಪ

*

ಸಂಸೆ
3 ಡಿಸೆಂಬರ್ 2023

ಮಲ್ಲಣ್ಣ,

ಕಾಗದ ಸಿಕ್ಕಿತು. ಸತ್ಯವತಿ ಓದಿದಳು. ಎಲ್ಲರೂ ನಕ್ಕರು, ಅವರನ್ನು ನೋಡಿ ನಾನೂ ನಕ್ಕೆ. ಆಮೇಲೆ ನಾನೇ ಓದಿಕೊಂಡೆ. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಆ ಮೂಲೆ ಯಾಕೆ ಮಾರಾಯ? ಅಲ್ಲಿ ರೊಬಸ್ಟಾ ಗಿಡ ಇದೆ, ಕಾಯಿ ಇಲ್ಲ. ಬೇರೆ ಕಡೆ ಪ್ರತಿವರ್ಷ ಮರಗಸಿ ಮಾಡಿಸಿ, ಕೊಂಬೆ ಕಡಿಸಿ, ನೆರಳು ತೆಳ್ಳಗೆ ಮಾಡುತ್ತೇವೆ. ಆ ಮೂಲೆಯ ಒಂದು ಕೊಂಬೆಗೂ ಅಪ್ಪ ಕತ್ತಿ ತಾಗಿಸುತ್ತಿರಲಿಲ್ಲ. ನಾನೂ ತಾಗಿಸಿಲ್ಲ. ದೇವರಮನೆ ಗುಡ್ಡಕ್ಕೆ ಹೋಗು. ಬೇಕಾದಷ್ಟು ಬೆಳಕಿದೆ, ಚಪ್ಪಾಳೆ ತಟ್ಟಲು ಟೂರಿಸ್ಟರೂ ಇದ್ದಾರೆ.

ಏನು ಬೇಕಾದರೂ ಮೇಸ್ತ್ರಿ ಮಂಜಯ್ಯನನ್ನು ಕೇಳು. ನಾಚಿಕೆ ಮಾಡಬೇಡ.

ನಿನ್ನ
ಶಂಭು

*

ಜಾವಳಿ
21 ಜನವರಿ 2024

ಮತ್ತೆ ನೆರೆದ ಮಹಾಜನರೇ,

ರಾಜನ ಗೋಳು ಕೇಳಿ. ಈ ಶಂಭುವಿನ ರಾಜ್ಯದಲ್ಲಿ ಎಲ್ಲವೂ ಇದೆ, ಬೆಳಕಿನದೊಂದೇ ಬರಗಾಲ. ಬೆಳಿಗ್ಗೆ ಕೆಳಗಿಳಿದು ಬಂಡೆಯ ಪಕ್ಕ ಸ್ಟೂಲು ಹಾಕಿ ಕುಳಿತರೆ ನನ್ನ ಹಲಗೆಯ ಮೇಲೆ ಹಸಿರು ಯಾವುದು, ನೀಲಿ ಯಾವುದು ಕಾಣುವುದಿಲ್ಲ. ಬಣ್ಣದ ಟ್ಯೂಬನ್ನು ಮೂಗಿಗೆ ತಾಗಿಸಿ ಹೆಸರು ಓದಬೇಕು. ಮೊನ್ನೆ ಹಾಲುವಾಣದ ನೆರಳಿಗೆಂದು ಹಾಕಿದ್ದು ಹೊರಗೆ ತಂದು ನೋಡಿದರೆ ಅಪ್ಪಟ ನೇರಳೆ. ಮರುದಿನ ನೇರಳೆ ಬೇಕೆಂದೇ ಹಾಕಿದೆ, ಹೊರಗೆ ಬಂದಾಗ ಸಗಣಿ.

ಇದರಲ್ಲಿ ಇನ್ನೂ ಒಂದು ಗೊಂದಲ. ಕುಳಿತ ಸ್ವಲ್ಪ ಹೊತ್ತಿಗೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಆಗ ಕಪ್ಪು ಎಂದುಕೊಂಡಿದ್ದರ ಒಳಗಿನಿಂದ ಒಂದು ಕೆಂಪು ಏಳುತ್ತದೆ, ಹಣ್ಣಿನ ಕೆಂಪಲ್ಲ, ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಹಿಡಿದಾಗ ರೆಪ್ಪೆಯೊಳಗೆ ಕಾಣುವಂಥದ್ದು. ಅದರ ಮೇಲೆ ತಣ್ಣನೆಯ ಹಸಿರು ಮೆಲ್ಲಗೆ ಇಳಿದು ಕೂರುತ್ತದೆ. ಎಲ್ಲಿ ಕೂತಿತು ಎಂದು ನೋಡುವಷ್ಟರಲ್ಲಿ ಇಲ್ಲ. ನನ್ನ ಯಂತ್ರವಾಗಿದ್ದರೆ ಇಷ್ಟು ಹೊತ್ತಿಗೆ ಗಾಳಿ ಊದಿ ಊದಿ ಕಂಪ್ರೆಸರ್ ಸುಟ್ಟುಕೊಳ್ಳುತ್ತಿತ್ತು. ನಾನು ಮಾಡುತ್ತಿರುವುದು ಚಿತ್ರವೋ ಕೊಳೆಯೋ ನನಗೇ ತಿಳಿಯದು. ಆದರೆ ಒಂದು ಗೆರೆಯೂ ಇಲ್ಲ. ಪ್ರಸಾದರ ಆಣೆಗೂ ಇಲ್ಲ.

ಶಂಭು, ಧಣಿ, ನಿನ್ನ ನೆಲದಲ್ಲಿ ಕುಳಿತ ಈ ಬಡ ಕಲಾವಿದನಿಗೆ ಒಂದು ಹಿಡಿ ಬೆಳಕು ಕೊಡಿಸಪ್ಪ. ನಿನ್ನ ಅತ್ತಿಮರ ಸೂರ್ಯನನ್ನು ಗೇಟಿನಲ್ಲೇ ತಡೆದು ವಾಪಸ್ಸು ಕಳಿಸುತ್ತಿದೆ. ಹೀಗೇ ಆದರೆ ಮೇ ತಿಂಗಳಿಗೆ ಚಿತ್ರ ಮುಗಿಯುವ ಮೊದಲು ನನ್ನ ಕಣ್ಣು ಮುಗಿಯುತ್ತದೆ.

ಇತಿ ಕತ್ತಲಿನ ಪ್ರಜೆ
ಮಲ್ಲಿಕಾರ್ಜುನಪ್ಪ

*

ಸಂಸೆ
11 ಫೆಬ್ರವರಿ 2024

ಮಲ್ಲಣ್ಣ,

ನಿನ್ನ ಕಾಗದ ಎರಡು ಸಲ ಓದಿದೆ. ಇಷ್ಟು ದಿನ ಕಷ್ಟಪಟ್ಟುಕೊಂಡು ಕೂತಿದ್ದೀಯಲ್ಲ, ಮೊದಲೇ ಹೇಳಬಾರದಾ. ಮಂಜಯ್ಯನಿಗೆ ಹೇಳಿದ್ದೇನೆ, ನೋಡಿಕೊಳ್ಳುತ್ತಾನೆ.

ಮಾರ್ಚ್ ಮೊದಲ ವಾರ ಚಿಕ್ಕಮಗಳೂರಿಗೆ ಹೋಗಿ ಕಲ್ಲಮ್ಮನವರನ್ನು ನೋಡಿಕೊಂಡು ಬಾ. ಒಂದು ವಾರ ಇದ್ದು ಬಾ. ಚಿತ್ರವನ್ನು ಕ್ವಾರ್ಟರ್ಸಿನಲ್ಲೇ ಬಿಟ್ಟು ಹೋಗು, ಭದ್ರವಾಗಿರುತ್ತದೆ.

ನಿನ್ನ
ಶಂಭು

*

ಜಾವಳಿ
10 ಮಾರ್ಚ್ 2024

ಮಹಾಜನರೇ, ಸುಲಿಯುವುದು ನಿಲ್ಲಿಸಿ. ಕತ್ತಿ ಕೆಳಗಿಡಿ. ನಿಮ್ಮ ಧಣಿ ಇಲ್ಲಿ ಒಂದು ಕೊಲೆ ಮಾಡಿಸಿದ್ದಾನೆ.

ಊರಿನಿಂದ ನಿನ್ನೆ ಬಂದೆ. ಚೀಲ ಇಟ್ಟು ಕೆಳಗಿಳಿದೆ. ದಾರಿ ತಪ್ಪಿತು ಎಂದುಕೊಂಡು ಹಿಂದಕ್ಕೆ ಬಂದು ಮತ್ತೆ ಇಳಿದೆ. ತಪ್ಪಿರಲಿಲ್ಲ. ಅತ್ತಿಗೆ ತೋಳಿಲ್ಲ. ಬಸರಿ ಬೋಳು. ಹಾಲುವಾಣ ಎದೆಮಟ್ಟಕ್ಕೆ ನಿಂತಿದೆ. ಕೊಂಬೆಗಳ ರಾಶಿಯ ಮೇಲೆ, ನಾನು ಕೂರುತ್ತಿದ್ದ ಜಾಗದ ಮೇಲೆ, ಬಂಡೆಯ ಮೇಲೆ, ಬಿಸಿಲು ಸುಣ್ಣ ಬಳಿದಂತೆ ಬಿದ್ದಿದೆ. ಪ್ರತಿ ಎಲೆಗೂ ಅಂಚು ಬಂದಿದೆ ಶಂಭು. ಬೇಕಾದರೆ ಎಣಿಸಬಹುದು.

ಮಂಜಯ್ಯ ಬಂದ. ಬಂಡೆಯ ಪಕ್ಕ ಹಲಗೆ ಹೊಡೆದು ಒಂದು ಬೆಂಚು ಮಾಡಿಟ್ಟಿದ್ದ, ಅದನ್ನು ಟವೆಲಿನಿಂದ ಒರೆಸಿದ. “ಸಾರಿಗೆ ಬೆಳಕು ಸಾಲ್ತಿಲ್ವಂತೆ, ಧಣಿಯೋರು ಹೇಳಿ ಕಳ್ಸಿದ್ರು. ಬೇರೆ ಕಡೆ ಮರಗಸಿ ಆಮೇಲಾಗ್ಲಿ, ಸಾರ್ ಕೂರೋ ಜಾಗ ಮೊದ್ಲು ಅಂದ್ರು. ಇನ್ನು ಆರಾಮಾಗಿ ಬಿಡಿಸ್ಬೋದು ನೀವು.” ಒಳ್ಳೆಯದಾಯಿತು ಎಂದೆ. ಅವನ ಬೆಂಚಿನ ಮೇಲೆ ಕೂತೆ ಕೂಡ.

ನಾನು ಬೆಳಕು ಕೇಳಿದ್ದು ಹೌದು. ಬರೆದಿದ್ದೇನೆ, ಸಾಕ್ಷಿ ನಿಮ್ಮಲ್ಲೇ ಇದೆ. ಆದರೆ ಹೆಂಡತಿಯ ಗೊರಕೆ ತಾಳಲಾರೆ ಎಂದವನಿಗೆ ಯಾರಾದರೂ ಅವಳ ಉಸಿರು ನಿಲ್ಲಿಸಿ ಕೊಡುತ್ತಾರೆಯೇ? ಅರ್ಧ ಮುಗಿದ ಚಿತ್ರ ಇಲ್ಲಿದೆ. ಅದರ ಮೂಲ ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಇಷ್ಟು ವರ್ಷ ಕತ್ತಿ ತಾಗದ ಮರಕ್ಕೆ ನನ್ನ ಹೆಸರು ಹೇಳಿ ಕತ್ತಿ ಹಾಕಿಸಿದೆಯಲ್ಲ. ನಿನಗೆ ಹೋಗಿರುವುದು ಕಿವಿ ಒಂದೇ ಎಂದುಕೊಂಡಿದ್ದೆ.

ಮಲ್ಲಿಕಾರ್ಜುನಪ್ಪ

*

ಸಂಸೆ
7 ಏಪ್ರಿಲ್ 2024

ಮಲ್ಲಿಕಾರ್ಜುನಪ್ಪನವರಿಗೆ ಸತ್ಯವತಿ ಮಾಡುವ ನಮಸ್ಕಾರಗಳು.

ಇವರು ಬರೆಯುವುದಿಲ್ಲ ಎಂದು ಕೂತಿದ್ದಾರೆ. ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ನಿಮ್ಮ ಕಾಗದ ಬಂದ ದಿನ ಕೊನೆಯ ಕೊಯ್ಲಿನ ಅಡಿಕೆ ಸುಲಿಯಲು ಎಲ್ಲರೂ ಅಂಗಳದಲ್ಲಿ ಕೂತಿದ್ದರು. ರಾಜರ ಕಾಗದ ಬಂತು, ಓದಿ ಅಮ್ಮ ಎಂದರು. ಎಂದಿನಂತೆ ಗಟ್ಟಿಯಾಗಿಯೇ ಶುರು ಮಾಡಿದೆ. ಕೊಲೆ ಎನ್ನುವಲ್ಲಿಗೆ ಎಲ್ಲರೂ ನಕ್ಕರು, ತಮಾಷೆ ಎಂದುಕೊಂಡು. ಇವರೂ ನಕ್ಕರು. ನಾನು ಮುಂದಿನ ಸಾಲು ಕಣ್ಣಲ್ಲೇ ಓದಿ ನಿಲ್ಲಿಸಿದೆ. ಎಲ್ಲರ ಮುಖ ನೋಡಿ ಇವರಿಗೆ ಏನೋ ಅನ್ನಿಸಿರಬೇಕು, ಕಾಗದ ಕೈಯಿಂದ ತೆಗೆದುಕೊಂಡು ಒಳಗೆ ಹೋದರು.

ಆ ಕೆಲಸ ನಡೆದ ವಾರ ಇವರ ಸಂಭ್ರಮ ನೀವು ನೋಡಬೇಕಿತ್ತು. ಮಲ್ಲಣ್ಣ ಬಂದು ನೋಡಿದಾಗ ಅವನ ಮುಖ ಹೇಗಾಗುತ್ತದೋ ಎಂದು ನಾಲ್ಕಾರು ಸಲ ಹೇಳಿದರು. ಆಳು ಸಿಗದ ಸಮಯದಲ್ಲಿ ಇಲ್ಲಿಂದಲೇ ಜೀಪಿನಲ್ಲಿ ಜನ ಕಳಿಸಿದರು. ಆ ಮೂಲೆಗೆ ಮಾವನವರು ಯಾಕೆ ಕತ್ತಿ ಹಾಕಿಸುತ್ತಿರಲಿಲ್ಲ ಎಂದು ಇವರಿಗೂ ಗೊತ್ತಿಲ್ಲ, ಕೇಳುವ ಮೊದಲೇ ಮಾವ ಹೋದರು. ಕತ್ತಿ ಹಾಕಿಸಿದ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ಹಸಿವಿಲ್ಲ ಎಂದರು. ನಾನು ಒತ್ತಾಯಿಸಲಿಲ್ಲ.

ನಿಮ್ಮ ಚಿತ್ರದ ವಿಚಾರ ನನಗೆ ತಿಳಿಯದು. ಬೇಡವಾಗಿದ್ದರೆ ಬೆಳಕು ಯಾಕೆ ಕೇಳಿದಿರಿ ಎಂದು ನನಗಂತೂ ಇನ್ನೂ ಅರ್ಥವಾಗಿಲ್ಲ. ಅದನ್ನು ಇವರಿಗೆ ಅರ್ಥವಾಗುವ ಹಾಗೆ ನೀವೇ ಬರೆದರೆ ಒಳ್ಳೆಯದು. ನಾನು ಓದುವುದಿಲ್ಲ, ಒಡೆಯದೆ ಕೈಗೆ ಕೊಡುತ್ತೇನೆ.

ಇತಿ
ಸತ್ಯವತಿ

*

ಜಾವಳಿ
28 ಏಪ್ರಿಲ್ 2024

ಶಂಭು,

ಇದು ಅಂಗಳಕ್ಕಲ್ಲ, ನಿನಗೆ.

ಅರ್ಥವಾಗುವ ಹಾಗೆ ಬರೆಯಬೇಕೆಂದು ಎಷ್ಟೋ ಕಾಗದ ಹರಿದೆ. ನನಗೇ ಅರ್ಥವಾಗದ್ದನ್ನು ಹೇಗೆ ಬರೆಯುವುದು? ನನಗೆ ಕಾಣುತ್ತಿರಲಿಲ್ಲ, ಅದು ಕಷ್ಟವಾಗಿತ್ತು, ಆದ್ದರಿಂದ ಬೈದೆ. ಕಾಣದಿರುವುದೇ ನನಗೆ ಬೇಕಾಗಿತ್ತು ಎಂದು ಕಾಣತೊಡಗಿದ ಮೇಲೆ ಗೊತ್ತಾಯಿತು. ನೀನು ಗೆಳೆಯನ ಮಾತನ್ನು ಮಾತೆಂದೇ ನಂಬಿದೆ. ಮರವೂ ಹೋಯಿತು, ನಿನ್ನ ಮೇಲೆ ಕೋಪ ಮಾಡಿಕೊಳ್ಳುವ ಹಕ್ಕೂ ಹೋಯಿತು. ಕಿವಿಯ ಮಾತು ಬರೆಯಬಾರದಿತ್ತು. ಬರೆದೆ.

ಈಗ ಕೇಳು. ಚಿತ್ರವನ್ನು ನೆನಪಿನಿಂದ ಮುಂದುವರಿಸಿದ್ದೇನೆ. ನೆನಪಿನಿಂದಲೋ, ಸುಮ್ಮನೆಯೋ, ಅದೂ ತಿಳಿಯದು. ಒಂದು ದಿನ ನೋಡಿದರೆ ಆ ಜಾಗ ಉಸಿರಾಡುತ್ತಿದೆ ಅನ್ನಿಸುತ್ತದೆ. ಮರುದಿನ ನೋಡಿದರೆ ಕಂದು ಬಣ್ಣದ ಗೋಣಿಚೀಲ. ಎಡಗಡೆ ಕೆಳಗೆ ಒಂದು ಭಾಗ ಮೊದಲಿನಿಂದಲೂ ಕೆಟ್ಟಿದೆ. ಮೂರು ಸಲ ಕೆರೆದು ತೆಗೆದಿದ್ದೇನೆ, ಮೂರು ಸಲವೂ ಕೈ ಹೋಗಿ ಅದೇ ಕೊಳೆಯನ್ನೇ ಹಾಕಿದೆ. ಈಗ ಪೂರ್ತಿ ಕೆರೆದು ಚೊಕ್ಕಟ ಮಾಡಬೇಕೆಂದಿದ್ದೇನೆ. ಆದರೆ ಅಲ್ಲಿ ಏನಿರಬೇಕಿತ್ತು? ಹೋಗಿ ನೋಡೋಣವೆಂದರೆ ಅಲ್ಲಿ ಈಗ ಕೊಂಬೆಯ ರಾಶಿ, ಅದರ ಮೇಲೆ ಬಿಸಿಲು.

ಆ ಕತ್ತಲೆಯನ್ನು ಕಂಡವರು ಈಗ ಇಬ್ಬರೇ. ನೀನು ಹುಟ್ಟಿದಾಗಿನಿಂದ ಕಂಡವನು. ಪ್ರಸಾದರಿಗೆ ಚಿತ್ರ ಗೊತ್ತು, ಆ ಜಾಗ ಗೊತ್ತಿಲ್ಲ. ನೀನು ಬಂದು ಒಮ್ಮೆ ನೋಡು. ಇದು ಅದೇ ಹೌದು ಎಂದರೆ ಪ್ರದರ್ಶನಕ್ಕೆ ಕೊಡುತ್ತೇನೆ. ಅಲ್ಲ ಎಂದರೆ ಕುಂಚ ತೊಳೆದಿಟ್ಟು ಮನೆಗೆ ಹೋಗುತ್ತೇನೆ, ಭಾನುವಾರ ಮಕ್ಕಳ ಜೊತೆ ಮಾವಿನಹಣ್ಣು ಬಿಡಿಸುತ್ತೇನೆ. ಸುಳ್ಳು ಹೇಳಬೇಡ.

ಇತಿ
ಮಲ್ಲಣ್ಣ

*

ಜಾವಳಿ
26 ಮೇ 2024

ಸತ್ಯವತಿಯವರಿಗೆ ನಮಸ್ಕಾರಗಳು.

ಇದನ್ನು ಅಂಗಳದಲ್ಲಿ ಓದುತ್ತೀರೋ ಒಳಗೆ ಓದುತ್ತೀರೋ ನಿಮಗೆ ಬಿಟ್ಟದ್ದು. ಮನೆಯವರು ಏನೆಂದು ಹೇಳಿದ್ದಾರೋ ಗೊತ್ತಿಲ್ಲ, ಅವರು ಹೆಚ್ಚು ಹೇಳುವವರಲ್ಲ. ಆದ್ದರಿಂದ ನಡೆದದ್ದನ್ನು ನಾನು ಹೇಳುತ್ತೇನೆ.

ನನ್ನ ಕಾಗದಕ್ಕೆ ಉತ್ತರ ಬರಲಿಲ್ಲ. ದಿನವೂ ಬಸ್ಸಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ, ಕಂಡಕ್ಟರ್ ದೂರದಿಂದಲೇ ಕೈ ಅಲ್ಲಾಡಿಸುತ್ತಿದ್ದ. ಮೇ ತಿಂಗಳು ಮುಗಿಯುತ್ತ ಬಂತು. ನಿನ್ನೆ ಮಧ್ಯಾಹ್ನ ಚಿತ್ರ ಕೆರೆಯುವ ಕತ್ತಿ ಕೈಯಲ್ಲಿ ಹಿಡಿದು, ಎಡಗಡೆಯ ಆ ಕೊಳೆಯ ಮುಂದೆ ಕೂತಿದ್ದೆ. ಜೀಪಿನ ಸದ್ದಾಯಿತು.

ಶಂಭು ನನ್ನ ಮುಖ ನೋಡಲಿಲ್ಲ. ಚಪ್ಪಲಿ ಕಳಚಿ ಒಳಗೆ ಬಂದು, ಗೋಡೆಗೆ ಒರಗಿಸಿದ್ದ ಚಿತ್ರದ ಮುಂದೆ ಕೋಲು ಊರಿ ನಿಂತ. ನಾನು ಕಾಫಿ ಮಾಡಿ ತಂದಿಟ್ಟೆ. ಮುಟ್ಟಲಿಲ್ಲ. ಹಿಂದೆ ಸರಿದು ನೋಡಿದ, ಮುಂದೆ ಬಂದು ನೋಡಿದ, ಕಿಟಕಿ ಮುಚ್ಚು ಎಂದು ಸನ್ನೆ ಮಾಡಿದ. ಮುಚ್ಚಿದೆ. ಮತ್ತೆ ನೋಡಿದ. ಸತ್ಯವತಿಯವರೇ, ನಾನು ತುಂಬಿದ ಸಭೆಯಲ್ಲಿ ನಿಂತು ಮಾತು ಮರೆತವನಲ್ಲ. ನಿನ್ನೆ ಅವನು ಮುಟ್ಟದ ಕಾಫಿ ಲೋಟವನ್ನು ಅತ್ತಿಂದಿತ್ತ ಸರಿಸುತ್ತ ನಿಂತೆ. ನನ್ನ ಕೈಕೆಳಗೆ ಯಂತ್ರದಲ್ಲಿ ಬಿದ್ದ ಅಷ್ಟೂ ಬೀಜಗಳ ಸರದಿಯಲ್ಲಿ ನಾನೇ ನಿಂತಂತಿತ್ತು, ಗಾಳಿಯ ಪೆಟ್ಟು ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು.

ಕೊನೆಗೆ, ಕಿವಿ ಕೇಳದವರು ಮಾತಾಡುವ ಆ ದೊಡ್ಡ ಗಂಟಲಿನಲ್ಲಿ ಹೇಳಿದ: “ಇಲ್ಲಿ ಕಾಲಿಡ್ಬೇಡ ಮಾರಾಯ. ಹೂತು ಹೋಗ್ತೀಯ.”

ಅವನ ಕೋಲಿನ ತುದಿ ಆ ಕೊಳೆಯ ಮೇಲಿತ್ತು. ನಾನು ಮೂರು ಸಲ ಕೆರೆದ ಜಾಗದ ಮೇಲೆ.

ಏನು ಎಂದು ಕೈಯಲ್ಲೇ ಕೇಳಿದೆ. ಅಲ್ಲಿ ನೆಲದಡಿ ಒರತೆ ಇದೆಯಂತೆ. ಮೇಲೆ ತರಗೆಲೆ ಮುಚ್ಚಿಕೊಂಡು ಗಟ್ಟಿ ನೆಲದಂತೆ ಕಾಣುತ್ತದಂತೆ. ಇವನು ಚಿಕ್ಕವನಿದ್ದಾಗ ಕರುವೊಂದು ಹೊಟ್ಟೆಮಟ್ಟ ಹೂತು, ಹಗ್ಗ ಹಾಕಿ ಎಳೆಯಬೇಕಾಯಿತಂತೆ. ಆಮೇಲೆ ಆ ಕಡೆ ಯಾರೂ ಹೋಗುತ್ತಿರಲಿಲ್ಲವಂತೆ. “ನೀನು ಯಾವಾಗ ನೋಡಿದ್ದು ಅದನ್ನ?” ಎಂದು ಕೇಳಿದ. ನಾನು ನೋಡಿಲ್ಲ. ಬಂಡೆ ಬಿಟ್ಟು ನಾನು ಆ ಕಡೆ ಕಾಲಿಟ್ಟವನೇ ಅಲ್ಲ, ಅಲ್ಲಿ ಒರತೆ ಇರುವುದು ನನಗೆ ಗೊತ್ತೇ ಇಲ್ಲ ಎಂದು ಕೈ ಬಾಯಿ ಎಲ್ಲ ಆಡಿಸಿ ಹೇಳಿದೆ. ಅವನು ನಂಬಲಿಲ್ಲ. ಸಂಕೋಚ ಪಡುತ್ತಿದ್ದೇನೆ ಎಂದುಕೊಂಡ.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, ಮರಗಳ ಕಡೆ ನೋಡುತ್ತ ಹೇಳಿದ: “ನೀನು ಬರ್ದಿದ್ದು ಓದ್ದೆ. ಕಣ್ಣು ಚೆನ್ನಾಗೇ ಇದೆ ನಂಗೆ.” ನಾನು ತಲೆ ತಗ್ಗಿಸಿದೆ. ಕೋಲನ್ನು ಮರಗಳತ್ತ ಚಾಚಿ ಹೇಳಿದ: “ಈ ಮೂಲೆಗೆ ಇನ್ನು ಕತ್ತಿ ಹಾಕ್ಸಲ್ಲ. ಮತ್ತೆ ಕತ್ತಲಾಗೋಕೆ ಎಷ್ಟು ವರ್ಷ ಬೇಕೋ. ನಾವಿರ್ತೀವೋ ಇಲ್ವೋ.” ಆರಿದ ಕಾಫಿಯನ್ನು ನಿಂತೇ ಕುಡಿದು ಜೀಪು ಹತ್ತಿದ. ಚಿತ್ರ ಚೆನ್ನಾಗಿದೆ ಎಂದು ಹೇಳಲಿಲ್ಲ. ಅದೇ ಜಾಗ ಹೌದು ಎಂದೂ ಹೇಳಲಿಲ್ಲ.

ಆಗಿನಿಂದ ನಾನು ಕೂತಲ್ಲಿ ಕೂರಲಾರೆ. ನನಗೆ ಗೊತ್ತಿಲ್ಲದ ಒರತೆಯನ್ನು ನನ್ನ ಕಣ್ಣು ಕಂಡಿತ್ತೇ? ಅಥವಾ ಬಣ್ಣ ಕಲಸಲು ಬಾರದ ಮುದುಕನ ಕೆಸರು, ಶಂಭುವಿನ ಬಾಲ್ಯದ ಕೆಸರಿನ ಮೇಲೆ ಆಕಸ್ಮಿಕವಾಗಿ ಹೋಗಿ ಬಿತ್ತೇ? ಕ್ಯೂರಿಂಗ್ ವರ್ಕ್ಸಿನಲ್ಲಾಗಿದ್ದರೆ ಇನ್ನೊಂದು ಚೀಲ ಸುರಿದು ಮತ್ತೆ ಪರೀಕ್ಷೆ ಮಾಡುತ್ತಿದ್ದೆ. ಇಲ್ಲಿ ಇನ್ನೊಂದು ಚೀಲವಿಲ್ಲ. ಯಾರನ್ನು ಕೇಳಲಿ? ಮರದ ಹತ್ತಿರ ಉತ್ತರವಿತ್ತು, ಅದನ್ನು ನಾನೇ ಬಾಯಾರೆ ಕೇಳಿ ಕಡಿಸಿದೆ. ಕೆರೆಯುವ ಕತ್ತಿಯನ್ನಂತೂ ಡಬ್ಬಿಯೊಳಗೆ ಹಾಕಿ ಮುಚ್ಚಿದ್ದೇನೆ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಮುಂಚೆ, ಬರಿಗಾಲಲ್ಲಿ ಕೆಳಗಿಳಿದು, ಕೊಂಬೆಯ ರಾಶಿ ಸರಿಸಿ, ಅವನು ಕೋಲಿಟ್ಟು ತೋರಿಸಿದ ಜಾಗಕ್ಕೆ ಕಾಲಿಡುತ್ತೇನೆ. ಇಷ್ಟು ದಿನದ ಬಿಸಿಲಿಗೆ ಒಣಗಿದ್ದರೂ ಒಣಗಿರಬಹುದು. ಕಾಲು ಹೂತರೆ ಕೆಸರುಗಾಲಿನಲ್ಲೇ ಚಿತ್ರ ಹೊತ್ತು, ಪ್ರಸಾದರಿಗೆ ಕೊಡಲು ಚಿಕ್ಕಮಗಳೂರಿನ ಬಸ್ಸು ಹತ್ತುತ್ತೇನೆ. ಹೂತುಹೋಗದಿದ್ದರೆ ಅದೇ ಚಿತ್ರ ಹೊತ್ತು ಒಣಗಾಲಿನಲ್ಲಿ ಹತ್ತುತ್ತೇನೆ.

ಇತಿ
ಮಲ್ಲಿಕಾರ್ಜುನಪ್ಪ